ನಾಲ್ಕು ಅಂಗುಲ ಹೆಚ್ಚಿನ ದೋಣಿ

ನಕ್ಷೆಯನ್ನು ನಂಬುವುದು ನನಗೆ ಹುಟ್ಟಿನಿಂದ ಬಂದ ಗುಣವಲ್ಲ. ಕಸುಬಿನಿಂದ ಹತ್ತಿದ ರೋಗ. ಮೂವತ್ತನಾಲ್ಕು ವರ್ಷ ಸರ್ವೇಯರನಾಗಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಗದ್ದೆಬದುಗಳ ಮೇಲೆ ಸರಪಳಿ ಎಳೆದವನಿಗೆ ಒಂದು ವಿಷಯ ಖಚಿತವಾಗುತ್ತದೆ: ನಕ್ಷೆಗೂ ನೆಲಕ್ಕೂ ತಾಳೆಯಾಗದಿದ್ದರೆ ತಪ್ಪು ನೆಲದ್ದು. ಅಣ್ಣತಮ್ಮಂದಿರು ಕತ್ತಿ ಹಿಡಿದು ನಿಂತ ಬೇಲಿಗಳ ನಡುವೆ ನಾನು ನಕ್ಷೆ ಬಿಡಿಸಿ, "ಇಲ್ಲಿ ಕಾಣಿ, ನಾಲ್ಕಂಗುಲ ಆಚೆ" ಎಂದು ತೀರ್ಪು ಕೊಟ್ಟು, ಎರಡೂ ಮನೆಯಲ್ಲಿ ಬೊಂಡದ ಎಳನೀರು ಕುಡಿದು ಬಂದವನು. ಇಂಥವನು ನಿವೃತ್ತನಾದ ಮೇಲೆ ಸುಮ್ಮನಿರಬೇಕು. ಸುಮ್ಮನಿರಲಿಲ್ಲ. ಮನೆಯ ಕಾರ್ ಶೆಡ್ಡಿನಲ್ಲಿ ಹಾಯಿದೋಣಿ ಕಟ್ಟಲು ಹೊರಟೆ, ಅದೂ ನಕ್ಷೆ ನೋಡಿಕೊಂಡು.

ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದೆ. ಡಾಕ್ಟರಿಗೆ ವ್ಯಾಯಾಮ ಎಂದೆ. ನೆರೆಮನೆಯವರಿಗೆ ಹವ್ಯಾಸ ಎಂದೆ. ಹೆಂಡತಿ ಶಾರದೆಗೆ, "ಹೊತ್ತು ಹೋಗ್ಬೇಕಲ್ಲ" ಎಂದೆ. ಅವಳು, "ಹೊತ್ತ್ ಹೋಪುಕೆ ಬಾವಿಕಟ್ಟಿ ಹತ್ರ ಪಾಚಿ ಬೆಳ್ದಿತ್ತ್, ತಿಕ್ಕಿ" ಎಂದಳು. ನಿಜವಾದ ಕಾರಣ ಹೇಳಲು ಬಾಯಿ ಬರಲಿಲ್ಲ. ನಿಮಗೆ ಹೇಳುತ್ತೇನೆ. ನಿಮ್ಮ ಮುಖ ನನಗೆ ಕಾಣುವುದಿಲ್ಲವಾದ್ದರಿಂದ ಸುಲಭ.

ನಮ್ಮ ಅಪ್ಪಯ್ಯನಿಗೆ ಹಂಗಾರಕಟ್ಟೆಯ ಹೊಳೆಯಲ್ಲಿ ಒಂದು ಹಾಯಿದೋಣಿ ಇತ್ತು. ಹಂಚು, ತೆಂಗಿನಕಾಯಿ, ಮದುವೆ ದಿಬ್ಬಣ, ಹೀಗೆ ಏನು ಸಿಕ್ಕಿದರೂ ಸಾಗಿಸುವುದು. ಮರದ ತೊಗಟೆಯ ಚೊಗರಿನಲ್ಲಿ ಅದ್ದಿ ಅದ್ದಿ ಹಾಯಿ ಗೇರುಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಿಸಿಲಿಗೆ ಅದು ಬಿಡುತ್ತಿದ್ದ ವಾಸನೆ ನನಗೆ ಈಗಲೂ ಕೆಲವೊಮ್ಮೆ ಏನೂ ಕಾರಣವಿಲ್ಲದೆ ಬರುತ್ತದೆ. ಬಂದಾಗ ಮಾಡುತ್ತಿದ್ದ ಕೆಲಸ ಕೈಬಿಟ್ಟು ಹೋಗುತ್ತದೆ. ಮನೆಯಲ್ಲಿ ನಾವಿಬ್ಬರೇ ಮಕ್ಕಳು. ಗಿರಿಜಕ್ಕ ನನಗಿಂತ ಐದು ವರ್ಷ ದೊಡ್ಡವಳು. ಅಪ್ಪಯ್ಯ ಖಾಲಿ ದೋಣಿಯಲ್ಲಿ ವಾಪಸು ಬರುವಾಗ ಚುಕ್ಕಾಣಿಯನ್ನು ಅವಳ ಕೈಗೆ ಕೊಟ್ಟು ತಾನು ಬೀಡಿ ಹಚ್ಚುತ್ತಿದ್ದರು. ಅವಳಿಗೆ ಗಾಳಿ ಬರುವ ಮೊದಲೇ ಗಾಳಿ ಗೊತ್ತಾಗುತ್ತಿತ್ತು. "ಇವ್ಳ್ ಗಂಡ್ ಆಯ್ಕಿತ್ತ್" ಎಂದು ಅಪ್ಪಯ್ಯ ಹೇಳಿದಾಗ ಪಕ್ಕದಲ್ಲಿ ಕೂತ ಗಂಡುಮಗನಾದ ನಾನು ಹೊಳೆಗೆ ಉಗುಳುತ್ತಿದ್ದೆ.

ನನಗೆ ಹತ್ತು, ಅಕ್ಕನಿಗೆ ಹದಿನೈದು. ಅಪ್ಪಯ್ಯನಿಗೆ ಜ್ವರ ಬಂದು ದೋಣಿ ಆಚೆ ದಡದ ಬೆಂಗ್ರೆಯಲ್ಲೇ ಉಳಿದಿತ್ತು. ಅದನ್ನು ತರಲು ನಾವಿಬ್ಬರೂ ಯಾರದೋ ಪುಟ್ಟ ಪಾತಿದೋಣಿಯಲ್ಲಿ ಆಚೆ ಹೋದೆವು. ಬರುವಾಗ ನಾನು ಚುಕ್ಕಾಣಿ ಬೇಕೆಂದು ಹಟ ಹಿಡಿದೆ. ಅಕ್ಕ ಕೊಟ್ಟಳು. ಕೊಟ್ಟು, ಹಾಯಿಯ ಹಗ್ಗ ಹಿಡಿದು ಮುಂದೆ ಕೂತಳು. ನಾನು ಹೊಳೆಬಾಗಿಲಿನಲ್ಲಿ ನಿಂತ, ಸರಕು ಸಾಗಿಸುವ ದೊಡ್ಡ ಮಚ್ವೆಯೊಂದನ್ನು ನೋಡುತ್ತಾ ಮೈಮರೆತೆ. ದೋಣಿ ಹೋಗಿ ನೆರೆಮನೆಯವರು ಗೂಟಕ್ಕೆ ಕಟ್ಟಿದ್ದ ಬಲೆಗೆ ನುಗ್ಗಿತು. ಬಲೆ ಹರಿಯಿತು. ಚುಕ್ಕಾಣಿಯೂ ಮುರಿಯಿತು. ಸಂಜೆ ಬಲೆಯವರು ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗುತ್ತಿರುವಾಗ ಅಪ್ಪಯ್ಯ ಕಂಬಳಿ ಹೊದ್ದು ಹೊರಗೆ ಬಂದು ಕೇಳಿದರು, "ಚುಕ್ಕಾಣಿ ಯಾರ್ ಹಿಡ್ದದ್?"

ನಾನು "ಅಕ್ಕ" ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಇಲ್ಲ ಎನ್ನಲಿಲ್ಲ. ಬಲೆಯವರು, "ಹೆಂಗ್ಸ್ರ್ ಕೈಗೆ ಚುಕ್ಕಾಣಿ ಕೊಟ್ರೆ ಬಲಿ ಹರೀದೆ ಮತ್ತೆಂತ ಆತ್ತ್?" ಎಂದರು. ಅಪ್ಪಯ್ಯ ಹೊಡೆಯಲಿಲ್ಲ, ಬಯ್ಯಲಿಲ್ಲ. "ಇನ್ ನೀ ದೋಣಿ ಹತ್ತೂದ್ ಬ್ಯಾಡ" ಎಂದಷ್ಟೇ ಹೇಳಿ ಒಳಗೆ ಹೋದರು. ಅವಳು ಮತ್ತೆ ಹತ್ತಲಿಲ್ಲ. ಮೂರು ವರ್ಷದ ಮೇಲೆ ಬೀಜಾಡಿಗೆ ಮದುವೆಯಾಗಿ ಹೋದಳು. ಭಾವ ಮುಂಬೈ ಹೋಟೆಲಿನಲ್ಲಿದ್ದರು. ಮನೆಯೆದುರು ಕಡಲೇ ಇದ್ದರೂ ಅವಳಿಗೆಂದು ಒಂದು ದೋಣಿ ಇರಲಿಲ್ಲ. ಆಮೇಲೆ ಸೇತುವೆಗಳು ಬಂದವು, ಇಂಜಿನ್ನುಗಳು ಬಂದವು, ಅಪ್ಪಯ್ಯನ ದೋಣಿ ತೆಂಗಿನ ಬುಡದಲ್ಲಿ ಮಗುಚಿ ಬಿದ್ದು ಗೆದ್ದಲಾಯಿತು, ಅಪ್ಪಯ್ಯನೂ ಹೋದರು. ಐವತ್ತಕ್ಕೂ ಹೆಚ್ಚು ವರ್ಷ ಕಳೆದರೂ ನನ್ನ ಆ ಎರಡಕ್ಷರ ಮಾತ್ರ ಎಲ್ಲಿಗೂ ಹೋಗಲಿಲ್ಲ. ಆದ್ದರಿಂದ ಒಂದು ಹಾಯಿದೋಣಿ ಕಟ್ಟುವುದು, ಅಕ್ಕನನ್ನು ಕೂರಿಸುವುದು, ಚುಕ್ಕಾಣಿ ಅವಳ ಕೈಗೆ ಕೊಡುವುದು, ಆಮೇಲೆ ಹೇಳಬೇಕಾದ್ದನ್ನು ಹೇಳುವುದು: ಇದು ನನ್ನ ಯೋಜನೆ. ಬರೀ ಮಾತಿನಲ್ಲಿ ಕ್ಷಮೆ ಕೇಳಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು ಎಂದು ನಿಮಗನ್ನಿಸಬಹುದು. ಮಾತಿನಲ್ಲಿ ಕೇಳುವ ಧೈರ್ಯವಿಲ್ಲದವರೇ ದೋಣಿ ಕಟ್ಟುವುದು.

ನಕ್ಷೆ ಸಿಕ್ಕಿದ್ದು ಮೊಬೈಲಿನಲ್ಲಿ. ಯಾವುದೋ ದೇಶದ ಪುಣ್ಯಾತ್ಮ ಹನ್ನೊಂದು ಅಡಿಯ ಪುಟ್ಟ ಹಾಯಿದೋಣಿಯ ನಕ್ಷೆಯನ್ನು ಧರ್ಮಕ್ಕೆ ಹಂಚಿದ್ದ. 'ಎರಡು ವಾರಾಂತ್ಯಗಳಲ್ಲಿ ಯಾರು ಬೇಕಾದರೂ ಕಟ್ಟಬಹುದು' ಎಂದೂ ಬರೆದಿದ್ದ. ನನಗೆ ಹನ್ನೊಂದು ತಿಂಗಳು ಬೇಕಾಯಿತು. ಅವನ ಊರಿನಲ್ಲಿ ವಾರಾಂತ್ಯಗಳು ಉದ್ದ ಇರಬೇಕು. ಬ್ರಹ್ಮಾವರದ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ದೊಡ್ಡ ಹಾಳೆಗಳಲ್ಲಿ ತೆಗೆಸುವಾಗ ಅಂಗಡಿಯವನು ಸುತ್ತ ತಿರುಗಿಸಿ ನೋಡಿ, "ಮನಿ ಪ್ಲಾನ್ ಲಾಯ್ಕಿತ್ತ್ ಸರ್. ಆದ್ರೆ ಅಡುಗೆಕೋಣಿ ಎದುರ್ ಬಂತಲೆ?" ಎಂದ. ದೋಣಿ ಎಂದು ಹೇಳಲು ನಾಚಿಕೆಯಾಗಿ, "ವಾಸ್ತು ಪ್ರಕಾರ" ಎಂದು ಹೇಳಿ ತಂದೆ.

ಇಲ್ಲಿಯವರೆಗೆ ಓದಿದ ಜಾಣರು ಈಗಾಗಲೇ ಮುಂದಿನದನ್ನು ಊಹಿಸಿ ನಗಲು ತಯಾರಾಗಿರಬಹುದು. ಮನೆಯಲ್ಲಿ ದೋಣಿ ಕಟ್ಟಿದ, ಬಾಗಿಲಿನಿಂದ ಹೊರಗೆ ತರಲಾಗಲಿಲ್ಲ, ಗೋಡೆ ಒಡೆದ ಎಂದು. ದಯವಿಟ್ಟು ಆ ನಗುವನ್ನು ವಾಪಸು ತೆಗೆದುಕೊಳ್ಳಿ. ನಾನು ಸರ್ವೇಯರ್. ಗೇಟು, ಶೆಡ್ಡು, ಗೇಟಿನಾಚೆಯ ಓಣಿಯ ತಿರುವು, ಎಲ್ಲವನ್ನೂ ಮೂರು ಸಲ ಅಳೆದು ಬರೆದಿಟ್ಟುಕೊಂಡಿದ್ದೆ. ನನ್ನ ಮೂರ್ಖತನ ಅಷ್ಟು ಸಾಮಾನ್ಯ ತರಗತಿಯದಲ್ಲ.

ಸಾಸ್ತಾನದ ನಮ್ಮ ಮನೆಗೆ ಕುಂದಾಪುರದಿಂದ ಪ್ಲೈವುಡ್ ಹಲಗೆಗಳು ಗೂಡ್ಸ್ ರಿಕ್ಷಾದಲ್ಲಿ ಬಂದವು. ಕಾರು ಶೆಡ್ಡಿನಿಂದ ಹೊರಗೆ ಹೋಗಿ ತೆಂಗಿನ ಮರದಡಿ ನಿಂತಿತು. ಎರಡನೇ ವಾರದಲ್ಲಿ ಅದರ ನೆತ್ತಿಗೆ ಕಾಯಿ ಬಿತ್ತು. ಶಾರದೆ ಕಾರಿನ ಗುಳಿಯನ್ನೂ ನನ್ನನ್ನೂ ಒಂದೇ ದೃಷ್ಟಿಯಿಂದ ನೋಡಿ ಒಳಗೆ ಹೋದಳು. ನಾನು ನಕ್ಷೆಯ ಪ್ರಕಾರ ಬಲಬದಿಯ ಹಲಗೆಗೆ ಗೆರೆ ಹಾಕಿ, ಮಿಲಿಮೀಟರು ತಪ್ಪದೆ ಕತ್ತರಿಸಿದೆ. ಅದನ್ನು ಗೋಡೆಗೆ ಒರಗಿಸಿ ದೂರ ನಿಂತು ನೋಡಿದೆ. ತುಂಬ ಚೆನ್ನಾಗಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಎರಡನೆಯದಕ್ಕೆ ಗರಗಸ ಇಡುವಷ್ಟರಲ್ಲಿ ಸೊಂಟ ಹಿಡಿದು, ಒಬ್ಬ ಸಹಾಯಕ ಬೇಕೆನಿಸಿತು.

ಹಾಗೆ ಬಂದವರು ಮಂಜಾಚಾರಿ. ವಯಸ್ಸು ಎಂಬತ್ತರ ಹತ್ತಿರ. ಹರೆಯದಲ್ಲಿ ದೋಣಿ, ಮಚ್ವೆ ಎಲ್ಲ ಕಟ್ಟಿದವರು. ಈಗ ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಕೆತ್ತಿಕೊಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಅವರು ಬಂದವರೇ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಪ್ಲೈವುಡ್ಡನ್ನು ಬೆರಳ ಗೆಣ್ಣಿನಿಂದ ತಟ್ಟಿದರು.

"ಸರ್ವೇಯರ್ರೆ, ಇದ್ರ್ ಒಳ್ಗ್ ಮರ ಎಲ್ಲಿತ್ತ್?"

"ಇದೇ ಮರ, ಆಚಾರ್ರೆ."

"ಇದ್ ಟೀವಿ ಇಡುಕೆ ಆತ್ತ್. ಮೊಳಿ ಹೊಡದ್ರೆ ಸೀಳ್ತ್."

ಮೊಳೆಯೇ ಇಲ್ಲ, ಹಲಗೆಗಳ ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿಯುವುದು, ಆಮೇಲೆ ಸಂದಿಗೆ ಅಂಟು ಹಾಕುವುದು, ಇದು ವಿದೇಶದ ಹೊಸ ವಿಧಾನ ಎಂದು ನಾನು ಹೆಮ್ಮೆಯಿಂದ ವಿವರಿಸಿದೆ. ಆಚಾರ್ರು ನಕ್ಕರು. ಎಷ್ಟು ನಕ್ಕರೆಂದರೆ ಬಾಯಿಯ ಕವಳ ಅಂಗಳಕ್ಕೆ ಉಗುಳಿ ಬರಬೇಕಾಯಿತು. "ಹೊಸ್ತಾ? ನಮ್ಮ್ ಅಜ್ಜ ಜನ್ಮ ಪೂರ್ತಿ ಹುರಿಹಗ್ಗ ಹಾಕಿ ದೋಣಿ ಹೊಲ್ದ್ ಹೊಲ್ದ್ ಬೆರಳ್ ಸೊಟ್ಟ ಮಾಡ್ಕಂಡಿರ್. ಮೊಳಿ ಬಂದದ್ ಮತ್ತೆ. ಈಗ ಫಾರಿನ್ನವ್ರಿಗೆ ಅದ್ ಗೊತ್ತಾಯ್ತಾ? ಲಾಯ್ಕಾಯ್ತ್!" ಎಂದರು. ಅವರಿಗೆ ನಕ್ಷೆಯ ಮೇಲೆ ಅಲ್ಲಿಂದ ಸ್ವಲ್ಪ ಮರ್ಯಾದೆ ಬಂತು. ನಮ್ಮ ಅಜ್ಜನ ಕೈಕೆಲಸವನ್ನು ಕದ್ದರೂ ಸರಿಯಾಗಿ ಕದ್ದಿದ್ದಾನೆ ಎಂಬ ಮರ್ಯಾದೆ.

ತೊಂದರೆ ಶುರುವಾದದ್ದು ಉದ್ದದ ವಿಷಯದಲ್ಲಿ. ನಮ್ಮ ಕಡೆಯ ಆಚಾರಿಗಳಲ್ಲಿ ಮನೆಯಾಗಲಿ ದೋಣಿಯಾಗಲಿ, ಅಳತೆಗೆ ಆಯ ಕೂಡಿಬರಬೇಕು. ಉದ್ದವನ್ನು ಕೋಲು ಅಂಗುಲಗಳಿಗೆ ತಿರುಗಿಸಿ, ಏನೋ ಗುಣಿಸಿ, ಏನೋ ಭಾಗಿಸಿ, ಉಳಿಯುವ ಶೇಷದಲ್ಲಿ ಒಡೆಯನ ಭವಿಷ್ಯ ನೋಡುವ ಲೆಕ್ಕ ಅದು. ಆಚಾರ್ರು ಬೆರಳ ಗೆರೆಗಳನ್ನು ಎಣಿಸಿ, ಇನ್ನೊಮ್ಮೆ ಎಣಿಸಿ, ನಿಟ್ಟುಸಿರು ಬಿಟ್ಟರು.

"ಇದ್ ಮರಣಾಯ."

"ಆಚಾರ್ರೆ, ಇದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮಾಡಿದ ನಕ್ಷೆ..."

"ಕಂಪ್ಯೂಟರ್ ನೀರಿಗ್ ಇಳಿತ್ತಾ? ಇಳೂದ್ ನೀವ್. ನಾಕ್ ಅಂಗ್ಲ ಹೆಚ್ಚ್ ಮಾಡ್ವ, ಗಜಾಯ ಬತ್ತ್. ಎಂತ ತೊಂದ್ರಿ ಇಲ್ಲ."

ನಾನು ವಿಜ್ಞಾನ, ತೇಲುವ ನಿಯಮ, ಇಲಾಖೆಯ ಅನುಭವ ಎಲ್ಲ ತೆಗೆದೆ. ಗೆಲ್ಲುವ ಹಂತದಲ್ಲೂ ಇದ್ದೆ. ಆದರೆ ಚಹಾ ತಂದ ಶಾರದೆಯ ಕಿವಿಗೆ 'ಮರಣ' ಎಂಬ ಮೊದಲರ್ಧ ಬಿತ್ತು. ಲೋಟ ಇಟ್ಟವಳೇ, "ಅವ್ರ್ ಹೇಳಿದಷ್ಟ್ ಹಾಕಿ" ಎಂದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಧ್ವನಿಯ ಮೇಲೆ ಅಪೀಲು ಇಲ್ಲ. ನಾಲ್ಕಂಗುಲ ಮಂಜೂರಾಯಿತು.

ಮರುದಿನ ಕಿರಿಮಂಜೇಶ್ವರದಲ್ಲಿ ಶಾರದೆಯ ತಮ್ಮನ ಮಗಳ ಮದುವೆ. ನಾವಿಬ್ಬರೂ ಹೋದೆವು. ಆಚಾರ್ರು ಶೆಡ್ಡಿನಲ್ಲಿ ಒಬ್ಬರೇ ಕೂತು ಎಡಬದಿಯ ಹಲಗೆಯನ್ನು ನಾಲ್ಕಂಗುಲ ಹೆಚ್ಚಿಟ್ಟು ಕತ್ತರಿಸಿದರು. ಮೊದಲೇ ಕತ್ತರಿಸಿದ್ದ ಬಲಬದಿಗೆ ತುಂಡು ಸೇರಿಸುವುದು ಯಜಮಾನರ ಕೆಲಸ, ಅವರದೇ ಕೈಯಲ್ಲಿ ಆದದ್ದಲ್ಲವೆ ಎಂದುಕೊಂಡರು. ನಾನು ಮದುವೆಯ ಊಟ ಮುಗಿಸಿ ಬಂದು, ಆಚಾರ್ರು ಬಲಬದಿಗೂ ತುಂಡು ಸೇರಿಸಿಯೇ ಮನೆಗೆ ಹೋಗಿರುತ್ತಾರೆ ಎಂದುಕೊಂಡೆ. ಅಷ್ಟು ಹಿರಿಯರನ್ನು ಕೇಳುವುದು ಅವಮಾನ ಎಂದು ನಾನು ಕೇಳಲಿಲ್ಲ; ಸರ್ವೇಯರಿಗೆ ಅಳತೆ ಹೇಳಿಕೊಡುವುದು ಅಧಿಕಪ್ರಸಂಗ ಎಂದು ಅವರು ಹೇಳಲಿಲ್ಲ. ಒಂದು ಹಲಗೆಯ ಮೇಲೆ ಇನ್ನೊಂದನ್ನು ಇಟ್ಟು ನೋಡಿದ್ದರೆ ಮುಗಿಯುತ್ತಿತ್ತು. ಬೇರೆಯವರ ಬೇಲಿಯಲ್ಲಿ ನಾಲ್ಕಂಗುಲಕ್ಕೆ ಕೋರ್ಟು ಹತ್ತಿಸಿದವನಿಗೆ ತನ್ನ ಶೆಡ್ಡಿನಲ್ಲಿ ನಾಲ್ಕಂಗುಲ ಕಾಣಲಿಲ್ಲ.

ಹೊಲಿಗೆ ಹಾಕುವಾಗ ಮೂತಿಯ ಹತ್ತಿರ ಎರಡು ಹಲಗೆ ಕೂಡಲೊಲ್ಲವು. ನಾನು ಈಚೆಯಿಂದ ತಂತಿ ಎಳೆದೆ, ಆಚಾರ್ರು ಆಚೆಯಿಂದ ಎಳೆದರು. "ಬತ್ತಿತ್ತ್, ಬತ್ತಿತ್ತ್" ಎಂದರು. ಬಂತು. ಅಂಟು ಹಾಕಿದೆವು. ಒಂದೇ ದಿನದಲ್ಲಿ ಕಲ್ಲಿನಂತೆ ಗಟ್ಟಿಯಾಯಿತು. ಇನ್ನು ಬ್ರಹ್ಮ ಬಂದರೂ ಬಿಡಿಸುವ ಹಾಗಿರಲಿಲ್ಲ.

ಅಕ್ಕನನ್ನು ಊಟಕ್ಕೆಂದು ಕರೆದದ್ದು ಒಳಕೆಲಸವೆಲ್ಲ ಮುಗಿದ ಮೇಲೆ, ಹತ್ತನೇ ತಿಂಗಳಿನಲ್ಲಿ. ದೋಣಿಯ ಸುದ್ದಿ ಹೇಳಿರಲಿಲ್ಲ. ಎಪ್ಪತ್ತರ ಹತ್ತಿರವಾದರೂ ಬಸ್ಸಿಳಿದು ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ನಡೆದು ಬರುತ್ತಾಳೆ. ಶೆಡ್ಡಿನೆದುರು ನಿಂತಳು. ಚಪ್ಪಲಿ ಕಳಚಿ ಒಳಗೆ ಹೋದಳು. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದಳು.

"ತಮ್ಮಾ," ಎಂದಳು, "ಇದನ್ ಯಾರೋ ಬಲಗಡಿಯಿಂದ ಕರ್ದಿರಾ? ಕುತ್ತಿಗಿ ಆಚಿಗ್ ತಿರ್ಗ್ಸಿ ಕೂತಿತ್ತಲೆ?"

ಆಗ ನೋಡಿದೆ. ದೋಣಿ ಪುಟ್ಟಬಾಳೆ ಹಣ್ಣಿನ ಹಾಗೆ ಬಲಕ್ಕೆ ಬಾಗಿತ್ತು. ಹತ್ತು ತಿಂಗಳು ಅದರ ಪಕ್ಕದಲ್ಲೇ ನಿಂತವನಿಗೆ ಕಾಣದ್ದು ಅವಳಿಗೆ ಹೊಸಿಲಿನಿಂದಲೇ ಕಂಡಿತು. ಟೇಪು ಹಿಡಿದೆ. ಎಡ ಹೆಚ್ಚು, ಬಲ ಕಡಿಮೆ, ವ್ಯತ್ಯಾಸ ಸರಿಯಾಗಿ ನಾಲ್ಕಂಗುಲ. ಆಚಾರ್ರನ್ನು ಕರೆಸಿದರೆ, "ಎಡದಂಗೆ ಗಜಾಯವೇ ಇತ್ತ್. ಬಲದ್ ನಿಮ್ಮ್ ಕಂಪ್ಯೂಟ್ರಿಂದ್" ಎಂದು ಜವಾಬ್ದಾರಿಯನ್ನು ನಡುವಿನಿಂದ ಸೀಳಿ ಕೊಟ್ಟರು.

ಊಟಕ್ಕೆ ಕೂತಾಗ ನಾನು ಎಷ್ಟು ಸಾಧ್ಯವೋ ಅಷ್ಟು ಹಗುರವಾಗಿ, "ಅಕ್ಕ, ಇದನ್ನ ಹೊಳೆಗ್ ಇಳ್ಸು ದಿನ ಚುಕ್ಕಾಣಿ ನೀನೇ ಹಿಡೀಕ್" ಎಂದೆ. ಅವಳು ಸಾರಿಗೆ ಉಪ್ಪು ಹಾಕಿಕೊಂಡಳು. ಕಲಸಿದಳು. "ಬ್ಯಾಡಪ್ಪ. ಹೆಂಗ್ಸ್ರ್ ಹಿಡದ್ರೆ ಬಲಿ ಹರಿತ್ತಲ್ದಾ?" ಎಂದಳು. ಮುಖದಲ್ಲಿ ಕೋಪವೂ ಇಲ್ಲ, ನಗುವೂ ಇಲ್ಲ. ಅವಳು ಮರೆತಿರಬಹುದು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಒಂದಕ್ಷರವನ್ನೂ ಮರೆತಿರಲಿಲ್ಲ.

ದೋಣಿ ಹತ್ತುವುದಿಲ್ಲ ಎಂದರೂ ಆಮೇಲೆ ಅವಳು ವಾರಕ್ಕೊಮ್ಮೆ ಬರತೊಡಗಿದಳು. ಹಾಯಿಗೆ ನಾನು ತಂದಿದ್ದ ನೀಲಿ ಟಾರ್ಪಾಲನ್ನು ಬಚ್ಚಲ ಕಟ್ಟಿಗೆಗೆ ಹೊದಿಸಿ, ಗಟ್ಟಿ ಹತ್ತಿಬಟ್ಟೆ ತರಿಸಿ ತಾನೇ ಹೊಲಿದಳು. ಒಂದು ದಿನ ಬೀಜಾಡಿಯಿಂದ ಎರಡು ಸೀಸೆ ಬೈಗೆ ಮೀನಿನ ಎಣ್ಣೆ ಹಿಡಿದುಕೊಂಡು ಬಂದಳು. ಹಿಂದೆ ಮರದ ದೋಣಿಗಳಿಗೆ ಅದನ್ನು ಕುಡಿಸುತ್ತಿದ್ದರು. ಇದಕ್ಕೆ ಅಂಟು ಬಳಿದಿದ್ದೇವೆ, ಎಣ್ಣೆ ಒಳಗೆ ಇಳಿಯುವುದೇ ಇಲ್ಲ ಎಂದು ನಾನು ಹೇಳಿದೆ. "ಎಣ್ಣಿ ಹಾಕ್ದೆ ದೋಣಿ ಇಳ್ಸುಕಾಗ. ಮಕ್ಳಿಗ್ ಎಣ್ಣಿ ಹಾಕ್ದೆ ಮೀಸ್ತ್ರಾ?" ಎಂದಳು. ಇಳಿಯದ ಎಣ್ಣೆ ಮೇಲೆಯೇ ನಿಂತಿತು. ಸಾಸ್ತಾನದ ಅಷ್ಟೂ ಬೆಕ್ಕುಗಳು ನಮ್ಮ ಶೆಡ್ಡಿಗೆ ವಲಸೆ ಬಂದವು. ಹಗಲೆಲ್ಲ ದೋಣಿಯನ್ನು ನೆಕ್ಕಿದವು. ಶಾರದೆ ಮೂಗಿಗೆ ಸೆರಗು ಕಟ್ಟಿಕೊಂಡು, ಅಡುಗೆಮನೆಯ ಕಿಟಕಿ ಮುಚ್ಚಿ, ಒಂದು ವಾರ ನನ್ನೊಡನೆ ಸನ್ನೆಯಲ್ಲೇ ಮಾತಾಡಿದಳು. ನನಗೆ ಮಾತ್ರ ಆ ವಾಸನೆ ಸಾಕೆನ್ನಿಸಲಿಲ್ಲ. ಸಂಜೆ ಶೆಡ್ಡಿನಲ್ಲಿ ಕುರ್ಚಿ ಹಾಕಿ ಸುಮ್ಮನೆ ಕೂತರೆ, ಅಪ್ಪಯ್ಯ ಇಲ್ಲೇ ಎಲ್ಲೋ ಬೀಡಿಗೆ ಬೆಂಕಿ ಹುಡುಕುತ್ತಿದ್ದಾರೆ ಅನ್ನಿಸುತ್ತಿತ್ತು.

ಇಳಿಸುವ ದಿನವನ್ನು ಅಕ್ಕನೇ ತಿಥಿ ನೋಡಿ, ಬೆಳಿಗ್ಗೆ ಇಷ್ಟು ಹೊತ್ತಿಗೆ ನೀರು ಏರಿರುತ್ತದೆ ಎಂದು ಹೇಳಿದಳು. ಭಾನುವಾರ ಟೆಂಪೋದಲ್ಲಿ ದೋಣಿಯನ್ನು ಹಂಗಾರಕಟ್ಟೆಗೆ ಒಯ್ದೆವು. ಆಚೆ ದಡಕ್ಕೆ ಹೋಗುವ ಬಾರ್ಜಿಗೆ ಕಾಯುತ್ತಿದ್ದವರು ಬೈಕುಗಳಿಂದ ಇಳಿದು ಮೊಬೈಲು ತೆಗೆದರು. ಆಚಾರ್ರು ಕಾಯಿ ಒಡೆದರು. ನಾನು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಮೊಬೈಲಿನಲ್ಲಿ ನೋಡಿ ಕಲಿತ ಎಲ್ಲವನ್ನೂ ಮನಸ್ಸಿನಲ್ಲಿ ಓದಿಕೊಂಡು ಕೂತೆ. "ಬಾ ಅಕ್ಕ" ಎಂದು ಕೊನೆಯ ಸಲ ಕರೆದೆ. ಅವಳು ಕೊಡೆ ಬಿಡಿಸಿ, "ನಾ ಇಲ್ಲಿಂದ್ಲೇ ಕಾಣ್ತೆ" ಎಂದಳು.

ಹಾಯಿ ಉಬ್ಬಿತು. ದೋಣಿ ಹೊರಟಿತು. ಹತ್ತು ಮಾರು ಹೋಗುವುದರೊಳಗೆ ಬಲಕ್ಕೆ ತಿರುಗಿತು. ನಾನು ಚುಕ್ಕಾಣಿಯನ್ನು ಎತ್ತ ನೂಕಿದರೂ ಅದು ಬಲಕ್ಕೇ ತಿರುಗಿ, ದೊಡ್ಡ ಸುತ್ತು ಹಾಕಿ, ಹೊರಟ ಜಾಗಕ್ಕೆ ಬಂದಿತು. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅದು ನನ್ನ ಕೈಚಳಕ ಎಂದುಕೊಂಡಿದ್ದರು. ಎರಡನೇ ಸುತ್ತಿಗೆ ಚಪ್ಪಾಳೆ ಕಡಿಮೆಯಾಯಿತು. ಮೂರನೇ ಸುತ್ತಿಗೆ ಒಬ್ಬ, "ಹ್ವಾಯ್, ದೇವಸ್ಥಾನಕ್ಕ್ ಹರ್ಕಿ ಇತ್ತಾ? ಇನ್ ಎಷ್ಟ್ ಪ್ರದಕ್ಷಿಣಿ?" ಎಂದು ಕೂಗಿದ. ಶಾರದೆ ಟೆಂಪೋದ ಆಚೆ ಬದಿಗೆ ಹೋಗಿ ನಿಂತಳು. ತಂತಿ ಹೊಲಿದ ತೂತುಗಳಲ್ಲಿ ಕೆಲವನ್ನು ಮುಚ್ಚಲು ಮರೆತದ್ದು ನನಗೆ ಆಗ ನೆನಪಾಯಿತು, ಏಕೆಂದರೆ ಪಾದ ಒದ್ದೆಯಾಗತೊಡಗಿತ್ತು.

"ಹಾಯಿ ಸಡ್ಲ ಬಿಡಾ!" ದಡದಿಂದ ಅಕ್ಕನ ಕೂಗು. ನಾನು ಗಾಬರಿಯಲ್ಲಿ ಎಳೆದೆ. "ಎಳೂದಲ್ಲ, ಬಿಡೂದ್! ಬಿಡಾ ಮಂಡಿಬೆಚ್ಚ!" ಇನ್ನೂ ಎಳೆದೆ. ನಾಲ್ಕನೇ ಸುತ್ತಿನಲ್ಲಿ ದಡದ ಕಡೆ ಬರುತ್ತಿರುವಾಗ ನೋಡುತ್ತೇನೆ, ಅಕ್ಕ ಕೊಡೆ ಮಡಚಿ ಆಚಾರ್ರ ಕೈಗೆ ಕೊಟ್ಟಿದ್ದಾಳೆ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಮೊಣಕಾಲು ನೀರಿನಲ್ಲಿ ನಿಂತಿದ್ದಾಳೆ. ದೋಣಿ ಹತ್ತಿರ ಬಂದಾಗ ತಪ್ಪಿಸಿಕೊಂಡ ಕರುವನ್ನು ಹಿಡಿಯುವ ಹಾಗೆ ಅಂಚಿಗೆ ಕೈಹಾಕಿ ಹಿಡಿದು, ನಾನು ನೋಡುತ್ತಿರುವಂತೆಯೇ ಹತ್ತಿ, "ಮುಂದ್ ಹೋಗ್" ಎಂದಳು. ಹೋದೆ. ಚುಕ್ಕಾಣಿ ಅವಳ ಕೈಗೆ ಹೋಯಿತು. ನಾನು ಕೊಡಲೂ ಇಲ್ಲ; ಅವಳೇ ತೆಗೆದುಕೊಂಡಳು.

ಸ್ವಲ್ಪ ಹೊತ್ತು ಅವಳು ಏನೂ ಮಾಡಲಿಲ್ಲ. ದೋಣಿ ಬಲಕ್ಕೆ ತಿರುಗುವುದನ್ನು ಸುಮ್ಮನೆ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಹಾಯಿಯನ್ನು ಒಂದು ಮೊಳ ಸಡಿಲ ಬಿಟ್ಟು, ತನ್ನ ಭಾರವನ್ನು ಎಡಕ್ಕೆ ಸರಿಸಿ, ಚುಕ್ಕಾಣಿಯನ್ನು ಒಂದು ಓರೆಯಲ್ಲಿ ಒತ್ತಿ ಹಿಡಿದಳು. ಬಾಳೆಹಣ್ಣು ನೆಟ್ಟಗೆ ಹೊರಟಿತು. ಬಾರ್ಜಿನ ಜನರ ಗಲಾಟೆ ಹಿಂದೆ ಉಳಿಯಿತು. ಹೊಳೆಯ ನಡುವಿಗೆ ಬಂದಾಗ ಗಾಳಿ ಬದಲಾಗುವ ಮೊದಲೇ ಅವಳು ಹಗ್ಗ ಬದಲಿಸಿದ್ದಳು. ತಲೆಯ ಬಿಳಿಕೂದಲು ಬಿಚ್ಚಿ ಹಾರುತ್ತಿತ್ತು. ಅವಳ ಮುಖವನ್ನು ನಾನು ಹೇಗೆ ವರ್ಣಿಸಲಿ? ಆ ಮುಖವನ್ನು ನಾನು ಹತ್ತು ವರ್ಷದವನಿದ್ದಾಗ ನೋಡಿದ್ದೆ. ಆಮೇಲೆ ಅವಳ ಮದುವೆಯಲ್ಲಿ, ಮಕ್ಕಳಾದಾಗ, ಮೊಮ್ಮಕ್ಕಳಾದಾಗ, ಎಲ್ಲೂ ನೋಡಿರಲಿಲ್ಲ. ನನಗೆ ಅಳು ಬಂತು. ಲೈಫ್ ಜಾಕೆಟ್ಟಿನಲ್ಲಿ ಅಳುವುದು ಬಹಳ ಕಷ್ಟ. ಕೈ ಕಣ್ಣಿನವರೆಗೆ ಏರುವುದಿಲ್ಲ.

"ಅಕ್ಕ," ಎಂದೆ. "ಅವತ್ತ್ ಬಲಿ ಹರ್ದಾಗ... ಚುಕ್ಕಾಣಿ ನನ್ ಕೈಯಂಗ್ ಇದ್ದಿತ್ತ್. ನಾನ್ ಸುಳ್ ಹೇಳ್ದೆ."

ಅವಳು ಹಾಯಿಯ ತುದಿ ನೋಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಅದನ್ ನಂಗ್ ಎಂತಕ್ಕ್ ಹೇಳ್ತೆ? ನಾನ್ ಆ ದೋಣಿ ಒಳ್ಗೇ ಇದ್ದಿದ್ದೆ ಅಲ್ದಾ? ಅಪ್ಪಯ್ಯಂಗ್ ಹೇಳ್ಕಿತ್ತ್."

ಹನ್ನೊಂದು ತಿಂಗಳು ದೋಣಿ ಕಟ್ಟಿದ್ದೆ. ಅದು ಹೋಗಬೇಕಾಗಿದ್ದ ದಡದಲ್ಲಿ ಈಗ ಯಾರೂ ಇರಲಿಲ್ಲ. ಅಪ್ಪಯ್ಯ ಸಾಯುವವರೆಗೂ ಮಗಳ ಕೈಯಲ್ಲಿ ಬಲೆ ಹರಿಯಿತೆಂದೇ ನಂಬಿದ್ದರು. ಅವಳಿಗೆ ನೋವಾದದ್ದು ದೋಣಿ ತಪ್ಪಿದ್ದಕ್ಕಲ್ಲ, ಇದಕ್ಕೆ. ಸರ್ವೇಯರನಾಗಿ ಇದೊಂದು ಗಡಿಯನ್ನು ನಾನು ತಪ್ಪು ಜಾಗದಲ್ಲಿ ಅಳೆದಿದ್ದೆ.

ಹಗ್ಗವನ್ನು ಇನ್ನೊಂದು ಕೈಗೆ ತೆಗೆದುಕೊಂಡು ಅವಳೇ, "ಕೂಕಂಡ್ ಎಂತ ಕಾಣ್ತೆ? ನೀರ್ ಬತ್ತಿತ್ತ್, ಚೆಲ್ಲ್" ಎಂದಳು. ಚೆಲ್ಲಿದೆ. ಬೆಂಗ್ರೆಗೆ ಹೋಗಿ ವಾಪಸು ಬರುವವರೆಗೂ ಪ್ಲಾಸ್ಟಿಕ್ ಚೊಂಬಿನಲ್ಲಿ ನೀರು ಚೆಲ್ಲಿದೆ. ಅವಳು ಬಾಯಲ್ಲಿ ಏನೋ ಗುನುಗುತ್ತಿದ್ದಳು.

ಈಗ ಅಕ್ಕ ನೀರು ಏರುವ ಭಾನುವಾರಗಳಲ್ಲಿ ತಪ್ಪದೆ ಬರುತ್ತಾಳೆ. ತೂತು ಮುಚ್ಚಿಸಿದ್ದೇನೆ. ಬಾಗು ಹಾಗೆಯೇ ಇದೆ. ನೆಟ್ಟಗಿನ ದೋಣಿಯಾದರೆ ನಿದ್ದೆ ಬರುತ್ತದಂತೆ ಅವಳಿಗೆ. ನನ್ನನ್ನು ಹತ್ತಿಸುವುದಿಲ್ಲ. "ನೀ ಬಂದ್ರೆ ಭಾರ ಆತ್ತ್" ಎನ್ನುತ್ತಾಳೆ. ಮೂಗಿಗೆ ಸೆರಗು ಕಟ್ಟಿಕೊಂಡಿದ್ದ ಶಾರದೆಯನ್ನು ಕರೆದುಕೊಂಡು ಹೋಗುತ್ತಾಳೆ. ಶಾರದೆ ಈಗ ಹಾಯಿಯ ಹಗ್ಗ ಹಿಡಿಯಲು ಕಲಿತು, ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಗಂಟನ್ನೂ ನನಗೆ ತಿದ್ದಿ ತೋರಿಸುತ್ತಾಳೆ. ನಾನು ದಡದಲ್ಲಿ ಇಬ್ಬರ ಚಪ್ಪಲಿ, ಕೊಡೆ, ಮೊಬೈಲು ಕಾಯುತ್ತೇನೆ.

ಕಾಯುತ್ತಾ ಕೂತಾಗ ಪಕ್ಕದಲ್ಲಿ ಬಾರ್ಜಿಗೆ ನಿಂತವರಿಗೆಲ್ಲ ಹೇಳುತ್ತೇನೆ: ಅಗೋ ಅಲ್ಲಿ ದೋಣಿ ಬಿಡುತ್ತಿರುವುದು ನನ್ನ ಅಕ್ಕ, ಹಿಂದೊಮ್ಮೆ ಇದೇ ಹೊಳೆಯಲ್ಲಿ ಬಲೆ ಹರಿದದ್ದು ಅವಳಿಂದಲ್ಲ, ನನ್ನಿಂದ. ಯಾರಿಗೂ ಯಾವ ಬಲೆ ಎಂದು ಗೊತ್ತಿಲ್ಲ. "ಹೌದಾ ಮಾರಾಯ್ರೆ" ಎಂದು ಮತ್ತೆ ಮೊಬೈಲಿಗೆ ಬಗ್ಗುತ್ತಾರೆ. ಬಲೆಯವರ ಮನೆಗೂ ಒಂದು ದಿನ ಹೋಗಿದ್ದೆ. ಬಾಗಿಲು ತೆರೆದ ಮೊಮ್ಮಗಳು ಎಲ್ಲ ಕೇಳಿ, "ನಮ್ಮ್ ಅಜ್ಜ ಬಲಿ ಹಾಕ್ತಿದ್ರಾ?" ಎಂದು ನನ್ನನ್ನೇ ಕೇಳಿದಳು. ಇದ್ದುದರಲ್ಲಿ ಬುಟ್ಟಿ ಹೊತ್ತು ಆಚೆ ದಡಕ್ಕೆ ಮೀನು ಮಾರಲು ಹೋಗುವ ಅಮ್ಮನೊಬ್ಬರು ಗಮನವಿಟ್ಟು ಕೇಳಿದರು. ಅವರೂ ಮೂರನೇ ಭಾನುವಾರಕ್ಕೆ, "ಹ್ವಾಯ್, ಈ ಕಥಿ ನೀವ್ ಹ್ವಾದ್ ವಾರವೂ ಹೇಳಿದ್ರಿ, ಅದ್ರ್ ಮುಂಚಿನ್ ವಾರವೂ ಹೇಳಿದ್ರಿ. ನಂಗ್ ಯಾಪಾರ ಇತ್ತ್" ಎಂದರು. ಅಂದಿನಿಂದ ಅವರ ಹತ್ತಿರ ಒಂದು ಪಾಲು ಬಂಗ್ಡೆ ಕೊಳ್ಳುತ್ತೇನೆ. ಅವರು ಬುಟ್ಟಿ ಕೆಳಗಿಳಿಸಿ, ಕಾಲು ಚಾಚಿ ಕೂತು, ಮೊದಲ ಸಲ ಕೇಳುವವರ ಹಾಗೆ ಪೂರ್ತಿ ಕೇಳಿಸಿಕೊಳ್ಳುತ್ತಾರೆ.